ಹಲ್ಲು ಕಿರಿದ ಚೀಟಿ

ಹುಳಕ್ಕೆ ಹೊಡೆಯುವ ಔಷಧಿ ಡಬ್ಬದ ಮೇಲಿದ್ದ ತಲೆಬುರುಡೆಯ ಚೀಟಿಯನ್ನು ಗಂಗಾಧರಯ್ಯನೇ ಕೆರೆದು ತೆಗೆದಿದ್ದ. ಚಿತ್ರ ಕಂಡರೆ ಕೂಲಿಯವರು ಪಂಪು ಮುಟ್ಟುತ್ತಿರಲಿಲ್ಲ.

ಇಟ್ಟಮಡುವಿನ ಅವನ ಕೋಸಿನ ತೋಟದ ಅಂಚಿನಲ್ಲಿ ಆರು ಮಂದಿ ಕೂಲಿಯವರು ಕೊಟ್ರಪ್ಪನಿಗೆ ಗುಂಡಿ ತೋಡುತ್ತಿದ್ದರು. ಗುಡಿಸಲಿನ ಗೋಡೆಗೊರಗಿಸಿ ಕೂಡಿಸಿದ್ದ ಹೆಣದ ಹಣೆಗೆ ಹೆಂಡತಿ ಬಸವಲಿಂಗಮ್ಮ ಹಸಿ ವಿಭೂತಿ ಬಳಿದಳು. ಬಲಗೈಗೆ ಬಳಿಯಹೋದರೆ ಮೊಣಕೈವರೆಗೆ ಚರ್ಮ ಸುಲಿದಿತ್ತು. ಸೆಗಣಿನೀರು ಕಲಸಿದ ಹಾಗೆ ಪೀಪಾಯಿಗಿಳಿಸಿ ಔಷಧಿ ಕಲಸಿದ ಕೈ ಅದು.

“ಸತ್ರೂ ನಗ್ತಾ ಕೂತವ್ನಲ್ಲೇ,” ಎಂದಳು ಪಕ್ಕದ ಗುಡಿಸಲಿನ ಮಂಗಮ್ಮ, ಗುದ್ದಲಿ ಊರಿ.

“ಹೊಸದೇನಕ್ಕ? ಕೊಟ್ಟೂರಿಂದ ಇಲ್ಲೀ ಮಟ ರೈಲನ್ನೇ ನಗಿಸ್ಕೋತ ಬಂದ ಗಂಡಸು.”

*

ಹಿಂದಿನ ದಿನ ಬೆಳಿಗ್ಗೆ ಕೊಟ್ರಪ್ಪ ತಿಪ್ಪೆಯಲ್ಲಿ ಸಿಕ್ಕ ಚೀಟಿ ತಂದು ಹೆಂಡತಿಗೆ ತೋರಿಸಿದ್ದ. ಎರಡು ಕಣ್ಣುಗುಳಿ, ಒಂದು ಸಾಲು ಹಲ್ಲು, ಕೆಳಗೆ ಅಡ್ಡಡ್ಡ ಎರಡು ಮೂಳೆ.

“ನೋಡಲೇ, ನನ್ನಂಗ ಹಲ್ ಕಿಸದೈತಿ.”

“ಇದು ಮದ್ದಲ್ಲ, ಇಸ! ಹೋಗಬ್ಯಾಡ ಇವತ್ತು.”

ಅವನ ನಗೆ ನಿಂತಿತು. “ನಾ ಕುಂತರ ಆರು ಮಂದಿ ಹೊಡೀತಾರಲ್ಲ ಇದನ್ನ? ಬುತ್ತಿ ಹೊತ್ತಿಗೆ ಎಲ್ಲಾರೂ ಕೂಡ್ತಾರ, ಅವಾಗ ತೋರಸ್ತೀನಿ.”

ಬುತ್ತಿ ಬಿಚ್ಚುವ ಮೊದಲೇ ಬಾಯಲ್ಲಿ ನೊರೆ ಬಂದು ಸಾಲಿನ ನಡುವೆ ಬಿದ್ದ. ಬೆನ್ನಿನ ಪಂಪು ಸೋರಿ, ಜೇಬಿನಲ್ಲಿದ್ದ ಚೀಟಿ ನೆನೆದು ಹಿಟ್ಟಾಗಿತ್ತು.

*

ಗುಂಡಿ ಮುಗಿಯುವ ಹೊತ್ತಿಗೆ ಗಂಗಾಧರಯ್ಯ ಬಂದ. ಖಾಲಿ ಡಬ್ಬವನ್ನು ಕೋಲಿನ ತುದಿಗೆ ನೇತುಹಾಕಿಕೊಂಡು ತಂದಿದ್ದ.

“ಬಿಸ್ಲು ಬಡ್ದು ಹೋಗ್ಬಿಟ್ಟ, ಪಾಪ. ಸತ್ತೋರ ಸಾಮಾನು ಅವರ ಜೊತೇಲೇ ಹೋಗ್ಬೇಕಂತಲ್ಲ ನಿಮ್ಮಲ್ಲಿ? ಇದನ್ನೂ ಗುಂಡೀಗೆ ಹಾಕಮ್ಮ. ಹೊಸ ಡಬ್ಬ ತರಿಸಿದೀನಿ. ನೀವಾರೂ ಜನ ನಾಳೆ ಬೆಳಿಗ್ಗೆ ಪಂಪು ಹಿಡೀರಿ.”

ಬಸವಲಿಂಗಮ್ಮ ಕೋಲು ಈಸಿಕೊಂಡಳು. ಡಬ್ಬವನ್ನು ಬೇಲಿಯ ಗೂಟಕ್ಕೆ ಕವುಚಿದಳು. ಗಂಡನ ಹಣೆಗೆ ಬಳಿದು ಮಿಕ್ಕ ವಿಭೂತಿಯಲ್ಲಿ ಕಡ್ಡಿ ಅದ್ದಿ, ತಗಡಿನ ಮೇಲೆ ಎರಡು ಗುಳಿ ಬರೆದಳು. ಒಂದು ಸಾಲು ಹಲ್ಲು. ಅಡ್ಡಡ್ಡ ಎರಡು ಮೂಳೆ.

“ಏನೇ ಅದು?” ಎಂದಳು ಮಂಗಮ್ಮ.

“ಡಬ್ಬದ ಮ್ಯಾಲಿದ್ದ ಚಿತ್ರ, ಅಕ್ಕ. ಧಣಿ ಕೆರೆದು ತಿಪ್ಪೆಗೆ ಒಗದಿದ್ರು. ನಿಮಗ ತೋರಸ್ತೀನಂತ ಹೋಗಿದ್ದ ಇಂವ.”

ಆರೂ ಮಂದಿ ಗುದ್ದಲಿ ಬಿಟ್ಟು ಹತ್ತಿರ ಬಂದರು. ಒಬ್ಬ ತನ್ನ ಅಂಗೈ ತಿರುಗಿಸಿ ನೋಡಿಕೊಂಡ.

“ಗುಂಡೀಗೆ ಹಾಕು ಅಂದ್ನಲ್ಲ!” ಗಂಗಾಧರಯ್ಯ ಗದರಿದ.

“ಹಾಕಂಗಿಲ್ರಿ.”

“ಮಂಗಮ್ಮ, ನೀನಾದ್ರೂ ಕಿತ್ತಾಕೇ ಅದನ್ನ.”

ಮಂಗಮ್ಮ ಕಡ್ಡಿ ಎತ್ತಿಕೊಂಡಳು. ವಿಭೂತಿಯಲ್ಲಿ ಅದ್ದಿ, ಮಾಸಲಾಗಿದ್ದ ಹಲ್ಲಿನ ಮೇಲೆ ಇನ್ನೊಮ್ಮೆ ತಿದ್ದತೊಡಗಿದಳು.