ಹನ್ನೆರಡನೆಯ ಭಾಗ

ಬಹಳ ಹಿಂದಿನ ಮಾತು ಎಂದು ಶುರು ಮಾಡಿದರೆ ಕತೆಗೆ ಒಪ್ಪುತ್ತದೆ. ಆದರೆ ಇದು ನಡೆದದ್ದು ಮೊನ್ನೆ ಶುಕ್ರವಾರ. ಕಮಲಾಪುರವೆಂಬ ಊರಿನಲ್ಲಿ, ಕೆಂಪು ಬಾಳೆಯ ತೋಟಗಳ ಅಂಚಿಗೆ, ವಿಮಲಾಬಾಯಿ ಎಂಬ ಮುದುಕಿ ಇದ್ದಳು. ಅವಳು ಅಂದು ಬೆಳಗಿನ ಜಾವ ಸತ್ತಿದ್ದಳು. ಈಗ ಅವಳನ್ನು ಮೂವರು ಸೇರಿ ಅಂಗಳದಲ್ಲಿ, ಮನೆಯ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು.

“ತಲಿ ಹಿಡೀರಿ, ತಲಿ! ಎಡಕ್ಕ ವಾಲಾಕತ್ತದ,” ಎಂದು ಶೇವಂತಾ ಕೂಗಿದಳು. ಅವಳೂ ವಿಮಲಾಬಾಯಿಯೂ ಇಪ್ಪತ್ತು ವರ್ಷ ಊರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಒಂದೇ ಒಲೆಯ ಮುಂದೆ ಅಡುಗೆ ಮಾಡಿದವರು. “ಜೀವ ಇದ್ದಾಗನೂ ಈಕಿ ನೆಟ್ಟಗ ಕುಂತಾಕಿ ಅಲ್ಲ. ಈಗರ ಕೂಡ್ತಾಳಂದ್ರ ಅದೂ ಇಲ್ಲ!”

ಮೈದುನ ಸೂರ್ಯಕಾಂತ ಕಿಟಕಿಯ ಸರಳಿಗೆ ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಕಟ್ಟಿ, ಅತ್ತಿಗೆಯ ಹಣೆಯ ಸುತ್ತ ತಂದು ಬಿಗಿದ. ಆ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಕೂತಂತೆಯೇ ಹೊತ್ತೊಯ್ದು, ಕೂತಂತೆಯೇ ಮಣ್ಣಿಗಿಡುತ್ತಾರೆ.

ಸೃಷ್ಟಿ ಅಂಗಳಕ್ಕೆ ಬಂದದ್ದು ಆಗ. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ, ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ಇಪ್ಪತ್ತನಾಲ್ಕರ ಹುಡುಗಿ. ಹಿಂದೆ ಅದೇ ಹಾಸ್ಟೆಲ್ಲಿನಲ್ಲಿ ಆರು ವರ್ಷ ಇದ್ದವಳು. ಬಸ್ಸಿಳಿದು ಓಡಿಬಂದಿದ್ದಳು. ಎದೆಗೆ ಒತ್ತಿಕೊಂಡ ಪ್ಲಾಸ್ಟಿಕ್ ಚೀಲದೊಳಗೆ ತೆಳ್ಳನೆಯ ಒಂದು ಪುಸ್ತಕವಿತ್ತು. ದಾರಿಯುದ್ದಕ್ಕೂ ಅಳು ತಡೆದುಕೊಂಡು ಬಂದವಳು ಬಾಗಿಲಲ್ಲಿ ನಿಂತು ಅಳುವುದನ್ನೇ ಮರೆತಳು.

ಅವಳು ಆಯಿ ಎಂದೇ ಕರೆಯುತ್ತಿದ್ದ ವಿಮಲಾಬಾಯಿ ಕೂತಿದ್ದಳು. ಕಾಲು ಮಡಚಿ, ಬೆನ್ನು ಗೋಡೆಗೆ ಕೊಟ್ಟು, ಗದ್ದ ಒಂದಿಷ್ಟು ಮೇಲೆತ್ತಿ. ಒಲೆಯ ಮುಂದೆ ಎಂದೂ ನೆಟ್ಟಗೆ ಕೂರದವಳು ಕತೆ ಕೇಳುವಾಗ ಮಾತ್ರ ಹೀಗೆ ಕೂರುತ್ತಿದ್ದಳು.

*

ಹಾಸ್ಟೆಲ್ಲಿಗೆ ಬಂದಾಗ ಸೃಷ್ಟಿಗೆ ಒಂಬತ್ತು ವರ್ಷ. ಹುಮನಾಬಾದ ರಸ್ತೆಯಲ್ಲಿ ಟಂಟಂ ಆಟೊ ಮಗುಚಿ ಅಪ್ಪ ಅವ್ವ ಒಂದೇ ದಿನ ಹೋಗಿದ್ದರು. ಸೋದರತ್ತೆ ಅವಳನ್ನು ಗೇಟಿನ ತನಕ ತಂದು ಬಿಟ್ಟು, ವಾರ್ಡನ್ನಿಗೆ ಮೆಲ್ಲಗೆ, ಆದರೆ ಹುಡುಗಿಗೆ ಕೇಳುವಷ್ಟೇ ಜೋರಾಗಿ, “ಹುಟ್ಟಿದ ಮನಿ ನುಂಗಿದಾಕಿ ಅದಾಳ್ರಿ, ಜರಾ ನೋಡ್ಕೋರಿ,” ಎಂದಿದ್ದಳು.

ಆ ತಿಂಗಳೆಲ್ಲ ಸೃಷ್ಟಿ ಯಾರೊಡನೆಯೂ ಮಾತಾಡಲಿಲ್ಲ. ಉಗ್ರಾಣದಲ್ಲಿ, ಯಾರೋ ದಾನ ಕೊಟ್ಟ ತಗಡಿನ ಟ್ರಂಕಿನಲ್ಲಿ, ಅವಳಿಗೆ ಆ ಪುಸ್ತಕಗಳು ಸಿಕ್ಕವು. ‘ಗಿಣ್ಣ ಗಿರಿಜೆಯರ ಗ್ರಹಚಾರ’, ಒಟ್ಟು ಹನ್ನೆರಡು ಭಾಗ ಎಂದು ರಟ್ಟಿನ ಮೇಲೆ ಅಚ್ಚಾಗಿತ್ತು. ಗಿಣ್ಣ, ಗಿರಿಜೆ ತಾಯಿತಂದೆಯಿಲ್ಲದ ಅಕ್ಕ ತಮ್ಮ. ಅವರನ್ನು ಸಾಕಲು ಕರೆದುಕೊಂಡವರೆಲ್ಲ ಇಪ್ಪತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಸತ್ತುಹೋಗುತ್ತಿದ್ದರು, ಅದೂ ನಂಬಲಾಗದ ರೀತಿಯಲ್ಲಿ.

“ಏನ್ ಓದಾಕತ್ತಿ ಅಲ್ಲಿ?” ಎಂದು ಅಡುಗೆಯ ವಿಮಲಾಬಾಯಿ ರೊಟ್ಟಿ ಬಡಿಯುತ್ತ ಕೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ. “ಜೋರಾಗಿ ಓದು. ರೊಟ್ಟಿ ಬಡಿಯೋರಿಗೂ ಕಿವಿ ಇರ್ತಾವ.”

ಸೃಷ್ಟಿ ಹೆದರುತ್ತಲೇ ಓದಿದಳು. ಜಿಪುಣ ಸೋದರಮಾವನೊಬ್ಬ, ಮಕ್ಕಳು ಉಪ್ಪಿನಕಾಯಿ ಕದ್ದರೇನೋ ಎಂಬ ಸಂಶಯಕ್ಕೆ, ಆಳೆತ್ತರದ ಜಾಡಿಯೊಳಗೆ ಇಣುಕಿ ನೋಡಲು ಹೋಗಿ ಒಳಕ್ಕೆ ಬಿದ್ದ. ಮೂರನೆಯ ದಿನ ಅವನನ್ನು ಮೇಲೆತ್ತಿದಾಗ ಊರವರೆಲ್ಲ ಕಣ್ಣೀರು ಹಾಕಿದರು. ಉಪ್ಪು ಸರಿಯಾಗಿ ಹಿಡಿದಿತ್ತು ಎಂದೂ ಹೇಳಿದರು.

ವಿಮಲಾಬಾಯಿಯ ಕೈ ನಿಂತಿತು. ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಆಮೇಲೆ ಮುಚ್ಚಿಕೊಳ್ಳಲಾಗದೆ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಉಪ್ಪು ಹಿಡಿದಿತ್ತಂತ! ಯವ್ವಾ, ಉಪ್ಪು ಹಿಡಿದಿತ್ತಂತ!”

ಹಿಟ್ಟಿನ ಮೀಸೆ ಬಂದವಳಂತೆ ಕಾಣುತ್ತಿದ್ದ ಆ ಹೆಂಗಸನ್ನು ಸೃಷ್ಟಿ ಬೆರಗಾಗಿ ನೋಡಿದಳು. ತಬ್ಬಲಿ ಮಕ್ಕಳ ಕತೆ ಕೇಳಿ ‘ಅಯ್ಯೋ ಪಾಪ’ ಅನ್ನದ ಮನುಷ್ಯರನ್ನು ಅವಳು ಅದೇ ಮೊದಲು ಕಂಡದ್ದು. ನೋಡನೋಡುತ್ತ ಅವಳಿಗೂ ನಗು ಬಂತು. ಟಂಟಂ ಮಗುಚಿದ ಮೇಲೆ ಅದೇ ಮೊದಲ ನಗು.

“ನನಗೂ ಮನಿ ನುಂಗಿದಾಕಿ ಅಂತಿದ್ರು ಮಗಾ,” ಎಂದಳು ವಿಮಲಾಬಾಯಿ, ಮತ್ತೆ ರೊಟ್ಟಿಗೆ ಕೈ ಹಚ್ಚಿ. “ಹುಟ್ಟಿದ ದಿನ ಅವ್ವ. ವರ್ಷ ತುಂಬೋದ್ರಾಗ ಅಪ್ಪ. ಲಗ್ನ ಆಗಿ ಎರಡು ವರ್ಷಕ್ಕ ಗಂಡ. ಎಲ್ಲಾರಿಗೂ ನಾನೇ ನುಂಗೀನಂತ.” ಕಡ್ಡಿಯಂಥ ತನ್ನ ನಡುವನ್ನು ತೋರಿಸಿದಳು. “ಇಷ್ಟ್ ಮಂದಿಗಿ ನುಂಗಿದ ಹೊಟ್ಟಿ ಹಿಂಗಿರ್ತದೇನು, ನೀನೇ ಹೇಳು?”

ಅಂದಿನಿಂದ ದಿನವೂ ಸಂಜೆ ಓದು ನಡೆಯಿತು. ವಾಕ್ಯಕ್ಕೊಮ್ಮೆ ಆಯಿ “ಹ್ಞೂಂ” ಎನ್ನಬೇಕು. ಹ್ಞೂಂ ಬರದಿದ್ದರೆ ಸೃಷ್ಟಿ ಮುಂದೆ ಓದುತ್ತಿರಲಿಲ್ಲ. ಹನ್ನೊಂದು ಭಾಗ ಮುಗಿದವು. ಹನ್ನೊಂದನೆಯದರ ಕೊನೆಗೆ, ಹನ್ನೊಂದು ಮಂದಿಯನ್ನು ಕಳೆದುಕೊಂಡ ಅಕ್ಕ ತಮ್ಮ, ಸುರಿಯುವ ಮಳೆಯಲ್ಲಿ ಯಾವುದೋ ಮನೆಯ ಬಾಗಿಲ ಮುಂದೆ ನಿಂತು ತಟ್ಟಲು ಕೈ ಎತ್ತಿದ್ದರು. ಹನ್ನೆರಡನೆಯದು ಟ್ರಂಕಿನಲ್ಲಿ ಇರಲಿಲ್ಲ.

ಹದಿನಾಲ್ಕು ವರ್ಷ ಅದನ್ನು ಹುಡುಕಿದರು. ಸೃಷ್ಟಿ ಹಾಸ್ಟೆಲ್ ಬಿಟ್ಟು ಕಲಬುರಗಿಗೆ ಹೋದ ಮೇಲೂ, ತಿಂಗಳಿಗೊಂದು ಭಾನುವಾರ ಕಮಲಾಪುರಕ್ಕೆ ಬಂದಾಗ, ಆಯಿಯ ಮೊದಲ ಮಾತು “ಉಂಡೀ?” ಎರಡನೆಯದು “ಸಿಕ್ತಾ?”

“ಸಿಕ್ಕರ ಒಬ್ಬಾಕೀನೇ ಓದಬ್ಯಾಡ ನೋಡು,” ಎಂದು ಒಮ್ಮೆ ಆಣೆ ಹಾಕಿಸಿಕೊಂಡಿದ್ದಳು. “ಆ ಬಾಗಿಲದಾಗ ಯಾರ ಅದಾರ, ಅವರ ಗತಿ ಏನಾತು, ಇಬ್ಬರೂ ಕೂಡೇ ಕೇಳೋಣು. ನನಗ ಓದಿ ಹೇಳದೆ ಮುಚ್ಚಿಡಬ್ಯಾಡ. ಕೈ ಮ್ಯಾಲ ಕೈ ಹಾಕು.”

ಹೋದ ಮಂಗಳವಾರ ಕಲಬುರಗಿಯ ರೋಜಾ ಬಡಾವಣೆಯ ಹಳೇ ಪುಸ್ತಕದಂಗಡಿಯ ಪರ್ವೇಜ್ ಫೋನು ಮಾಡಿದ್ದ. “ಬಂದ್ ಆದ ಸ್ಕೂಲಿಂದು ಗಂಟು ಬಂದಾದ ಬಾಜೀ. ನಿಮ್ಮ ಗಿಣ್ಣ ಅದಾನ. ನಾ ಓದಿಲ್ಲ, ಕಸಮ್ ಸೇ. ಕೊನೇ ಹಾಳಿ ಅದನೋ ಇಲ್ಲೋ ಅಷ್ಟೇ ನೋಡೀನಿ. ಅದ.”

ಭಾನುವಾರ ಬರುತ್ತೇನೆಂದು ಸೃಷ್ಟಿ ಆಯಿಗೆ ಹೇಳಿದ್ದಳು. ಆಯಿ ಶುಕ್ರವಾರವೇ ಹೋಗಿದ್ದಳು.

*

“ಹೆಣದ ಮುಂದ ಹುಡುಗರ ಪುಸ್ತಕ ಓದ್ತೀಯಾ?” ಸೂರ್ಯಕಾಂತ ಕೇಳಿದ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು. ಸಾವಿಗೂ ವೇಳಾಪಟ್ಟಿ ಹಾಕಿದ್ದ. “ಅದೂ ನಗೋ ಪುಸ್ತಕ? ಮಂದಿ ಏನಂದಾರು?”

“ಮಾತು ಕೊಟ್ಟೀನಿ ಕಾಕಾ. ನಾನೂ ಇನ್ನಾ ಓದಿಲ್ಲ.”

“ಮೂರಕ್ಕ ಎತ್ತೋದದ.”

“ಓದ್ಲಿ ಬಿಡ್ರಿ,” ಎಂದು ಭಜನೆಯ ಯಶವಂತ ಹಾರ್ಮೋನಿಯಂ ಮುಚ್ಚಿದ. “ಮುಂಜಾನಿಂದ ಹಾಡಿ ನಮ್ಮ ಗಂಟಲ ಹೋಗ್ಯಾದ. ಅಷ್ಟರಾಗ ಒಂದೊಂದು ಕಪ್ ಚಾ ಕುಡೀತೀವಿ.”

“ನಿಮ್ಮ ಹಾಡಿಗಿಂತ ಅದೇ ಚಲೋ,” ಎಂದಳು ಶೇವಂತಾ. “ನಿಮ್ಮ ಅವಾಜಿಗಿ ಅಂಜಿ ಈಕಿ ಎದ್ದು ಕುಂತಾಳ.”

ಸೂರ್ಯಕಾಂತ ಗಡಿಯಾರ ನೋಡಿದ. “ವಿಮಾನ ಕಟ್ಟೋತನಕ ಓದು. ಹೆಗಲಿಗಿ ಬಂತಂದ್ರ ನಿಂದರಂಗಿಲ್ಲ.”

ಅಂಗಳದಲ್ಲಿ ಬಿದಿರಿನ ಪೀಠಕ್ಕೆ ಬಾಳೆಕಂಬ ಕಟ್ಟಿ ಹೂವು ಸುತ್ತುತ್ತಿದ್ದರು. ಅದೇ ವಿಮಾನ, ಆಯಿಯನ್ನು ಅದರಲ್ಲಿ ಕೂರಿಸಿ ಹೊರುವುದಿತ್ತು. ಸೃಷ್ಟಿ ಆಯಿಯ ಮುಂದೆ ಕೂತು ಪುಸ್ತಕ ಹೊರತೆಗೆದಳು. ಹಿಂದೆ, ಹೆಂಗಸರ ಗುಂಪಿನಲ್ಲಿ, ದೂರದ ಸಂಬಂಧಿ ಶಾರದಾಬಾಯಿ ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದುದು ಅವಳಿಗೆ ಕೇಳಿಸಿತು.

“ಈಕಿನೇ ಅಲ್ಲಾ, ತಾಯಿ ತಂದಿಗಿ ನುಂಗಿದಾಕಿ? ವಿಮಲಾಬಾಯಿ ಹಚ್ಚಿಕೊಂಡಿದ್ಲು. ಈಗ ಆಕಿಗೂ ಮುಗಿಸಿದ್ಲು ನೋಡು.”

ಬಸ್ಸಿನಲ್ಲಿ ಬರುವಾಗ ಸೃಷ್ಟಿಯ ತಲೆಯೊಳಗೆ ಸುತ್ತುತ್ತಿದ್ದದ್ದೂ ಇದೇ ಮಾತು. ಈ ತೆಳ್ಳನೆಯ ಪುಸ್ತಕದಲ್ಲಿ ಬಾಗಿಲು ತೆರೆದವರೂ ಸತ್ತರೆ? ಅದನ್ನು ತನ್ನ ಬಾಯಿಂದಲೇ, ಇವರೆಲ್ಲರ ಮುಂದೆ, ಆಯಿಗೆ ಓದಿ ಹೇಳಬೇಕೇ? ಮುಚ್ಚಿಬಿಡಬಹುದಿತ್ತು. ಆದರೆ ಆಯಿ ಗದ್ದ ಎತ್ತಿ ಕೂತಿದ್ದಳು.

“‘ಬಾಗಿಲು ತೆರೆಯಿತು,’” ಎಂದು ಓದಿದಳು. “‘ಒಳಗೆ ತೊಂಬತ್ತಾರು ವರ್ಷದ ಅಜ್ಜಿಯೊಬ್ಬಳು ದೀಪ ಹಿಡಿದು ನಿಂತಿದ್ದಳು.’”

ಅಭ್ಯಾಸದಂತೆ ನಿಂತಳು. ಹ್ಞೂಂ ಬರಲಿಲ್ಲ. ಬರುವುದಿಲ್ಲವೆಂಬುದು ಅವಳಿಗೆ ನಿಜವಾಗಿ ತಿಳಿದದ್ದು ಆ ಕ್ಷಣದಲ್ಲಿ. ಮುಂದಿನ ಸಾಲು ಕಣ್ಣಿಗೆ ಕಾಣದಾಯಿತು.

“ಹ್ಞೂಂ,” ಎಂದಳು ಶೇವಂತಾ, ಮೂಗು ಒರೆಸಿಕೊಳ್ಳುತ್ತ. “ಮುಂದ?”

“‘ಗಿರಿಜೆ ಕೈ ಮುಗಿದಳು. ಅಜ್ಜೀ, ನಮ್ಮನ್ನು ಒಳಗೆ ಕರೆಯಬೇಡಿ. ನಮ್ಮನ್ನು ಕರೆದವರೆಲ್ಲ ಸಾಯುತ್ತಾರೆ. ಈಗಾಗಲೇ ಹನ್ನೊಂದು ಜನ ಆಗಿದ್ದಾರೆ. ಮಳೆ ನಿಲ್ಲುವವರೆಗೆ ಇಲ್ಲೇ ಹೊರಗೆ ನಿಂತಿರುತ್ತೇವೆ.’”

“ಹ್ಞೂಂ.”

“‘ಅಜ್ಜಿ ದೀಪ ಮೇಲೆತ್ತಿ ಇಬ್ಬರ ಮುಖವನ್ನೂ ನೋಡಿದಳು. ಹನ್ನೊಂದು? ಖಂಡಿತವೇ? ಎಂದಳು. ಖಂಡಿತ, ಎಂದ ಗಿಣ್ಣ. ಅಯ್ಯೋ ಮಕ್ಕಳೇ, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದಿರಿ! ಹತ್ತು ವರ್ಷದಿಂದ ಸಾವಿನ ದಾರಿ ಕಾಯುತ್ತಿದ್ದೇನೆ, ಅದು ಬರೀ ಪಕ್ಕದ ಮನೆಗೇ ಹೋಗುತ್ತದೆ. ಬನ್ನಿ ಬನ್ನಿ, ಕಾಲು ತೊಳೆದುಕೊಳ್ಳಿ!’”

ಯಶವಂತನ ಚಹಾ ಮೂಗಿಗೆ ಹೋಯಿತು. ಅವನು ಕೆಮ್ಮಿದ, ಕೆಮ್ಮು ನಗುವಾಯಿತು. ಹೂವು ಸುತ್ತುತ್ತಿದ್ದವರು ದಾರ ಹಿಡಿದುಕೊಂಡೇ ಹತ್ತಿರ ಬಂದರು. ಸೂರ್ಯಕಾಂತ ಅವರನ್ನು ಗದರಲು ಬಂದವನು ಕಂಬಕ್ಕೆ ಒರಗಿ ನಿಂತ.

ಕತೆ ನಡೆಯಿತು. ಅಜ್ಜಿ ಪ್ರತಿ ಸಂಜೆ ಒಳ್ಳೆಯ ಸೀರೆ ಉಟ್ಟು, ಊರಿಗೆಲ್ಲ ಹೋಗಿಬರುತ್ತೇನೆಂದು ಹೇಳಿ ಮಲಗುತ್ತಿದ್ದಳು. ಪ್ರತಿ ಬೆಳಿಗ್ಗೆ ಎದ್ದು ಮಕ್ಕಳನ್ನು ಬೈಯುತ್ತಿದ್ದಳು. “‘ಕೆಲಸಗೇಡಿಗಳೇ! ಹನ್ನೊಂದು ಜನರನ್ನು ಕಳಿಸಿದ್ದೀರಂತೆ, ನನ್ನೊಬ್ಬಳನ್ನು ಕಳಿಸಲಾರಿರಾ?’” ಮಕ್ಕಳು ತಲೆ ತಗ್ಗಿಸಿ ನಾಳೆ ನೋಡೋಣ ಅಜ್ಜಿ ಎನ್ನುತ್ತಿದ್ದರು. ಅಜ್ಜಿಗೆ ನೂರಾಯಿತು. ನೂರ ನಾಲ್ಕಾಯಿತು. ಹೊಸ ಹಲ್ಲು ಬಂತು. ಈಗ ಹ್ಞೂಂ ಅಂಗಳದ ಎಲ್ಲ ಮೂಲೆಯಿಂದಲೂ ಬರುತ್ತಿತ್ತು, ಗಂಡಸರ ದನಿಯಲ್ಲೂ. ಗೋಡೆಯ ಆಚೆ ಯಾರೋ ಬೈಕು ನಿಲ್ಲಿಸಿ ಇಣುಕಿದರು. ಸತ್ತವಳನ್ನು ನಡುವೆ ಕೂರಿಸಿಕೊಂಡು ಒಂದಿಡೀ ಓಣಿ ಕತೆ ಕೇಳುತ್ತಿತ್ತು. ಎಲ್ಲರೂ ನಕ್ಕಾಗ ಅವಳೂ ನಕ್ಕಂತೆ, ಹಣೆಯ ಮೇಲಿನ ವಿಭೂತಿ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

“ಮೂರಾತು,” ಎಂದ ಸೂರ್ಯಕಾಂತ. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. ಪಟ್ಟಿ ಬಿಚ್ಚಿ, ಆಯಿಯನ್ನು ಎತ್ತಿ ವಿಮಾನದಲ್ಲಿ ಕೂರಿಸಿದರು. ಇನ್ನೂ ಒಂದು ಹಾಳೆ ಉಳಿದಿತ್ತು. ಸೃಷ್ಟಿ ಎದ್ದು ವಿಮಾನದ ಮುಂದೆ ನಿಂತಳು. ನಾಲ್ವರು ಬಿದಿರಿಗೆ ಹೆಗಲು ಕೊಟ್ಟು ಮೇಲೆದ್ದರು.

“‘ನೂರ ಹನ್ನೊಂದನೆಯ ವರ್ಷ, ಒಂದು ಮಧ್ಯಾಹ್ನ, ಅಜ್ಜಿ ಎರಡು ಹೋಳಿಗೆ ಉಂಡು, ಮೂರನೆಯದಕ್ಕೆ ಕೈ ಚಾಚಿ, ಹಾಗೆಯೇ ಇದ್ದುಬಿಟ್ಟಳು. ಗಿಣ್ಣ ಓಡಿಹೋಗಿ ವೈದ್ಯರನ್ನು ಕರೆತಂದ. ಗಿರಿಜೆ ವೈದ್ಯರ ಕೈ ಹಿಡಿದು ಕೇಳಿದಳು. ನಮ್ಮಿಂದಲೇ?’”

ಅಲ್ಲಿಗೆ ಸೃಷ್ಟಿ ಓದು ನಿಲ್ಲಿಸಿದಳು.

“ಹ್ಞೂಂ,” ಎಂದಳು ಒಬ್ಬಾಕೆ ಹಿಂದಿನಿಂದ. ಶಾರದಾಬಾಯಿ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. “ಏನಂದ್ರು ಯವ್ವಾ, ಡಾಕ್ಟರು?”

“‘ವೈದ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ವಯಸ್ಸಾಗಿತ್ತು, ಎಂದರು. ಅಷ್ಟೇನಾ? ಎಂದ ಗಿಣ್ಣ. ಅಷ್ಟೇ, ಎಂದರು ವೈದ್ಯರು. ಬೇರೆ ಏನೂ ಇಲ್ಲವೇ? ಎಂದಳು ಗಿರಿಜೆ. ಬೇರೆ ಏನೂ ಇಲ್ಲ. ಆಗ ಅಕ್ಕ ತಮ್ಮ ಅಜ್ಜಿಯ ಎರಡು ಬದಿಗೆ ಕೂತು, ಮೂರನೆಯ ಹೋಳಿಗೆಯನ್ನು ಮುರಿದು, ಅರ್ಧ ಅರ್ಧ ತಿಂದರು.’”

ಅದರ ಕೆಳಗೆ ‘ಮುಗಿಯಿತು’ ಎಂದು ಅಚ್ಚಾಗಿತ್ತು. ಅದನ್ನೂ ಓದಿ ಸೃಷ್ಟಿ ತಲೆ ಎತ್ತಿದಳು.

ವಿಮಾನ ಹೊತ್ತ ನಾಲ್ವರೂ ಹೆಜ್ಜೆ ಎತ್ತುವುದನ್ನು ಮರೆತು, ಭಾರವೆಲ್ಲ ಹೆಗಲ ಮೇಲೆ ಇಟ್ಟುಕೊಂಡು, ಬಾಯಿ ಅರೆ ತೆರೆದು ಅವಳ ಕಡೆಗೇ ನೋಡುತ್ತ ನಿಂತಿದ್ದರು.