ಗಾಳಿಕೊಳವೆಯ ಈ ತುದಿ

ಮೊದಲ ಜೊತೆ ಕಾಲುಚೀಲ ಸಲೀಸಾಗಿ ಏರಿತು. ಎರಡನೆಯದು ಹಿಮ್ಮಡಿಯ ಹತ್ತಿರ ಬಂದು ಹಟ ಹಿಡಿಯಿತು. ಸುನಿಲ್ಡಾ ಗಂಡನ ಪಾದವನ್ನು ಎತ್ತಿ ಹಿಡಿದು, ಉಣ್ಣೆಯನ್ನು ಸುರುಳಿ ಸುತ್ತಿ, ಮತ್ತೆ ಕೆಳಗಿನಿಂದ ಎಳೆಯತೊಡಗಿದಳು.

"ಒಂದು ಜೊತೆ ಸಾಲದೇನೇ? ಮಣ್ಣಿಗೆ ಹೋಗೋನಿಗೆ ಎರಡು ಯಾತಕ್ಕೆ?" ಎಂದಳು ಎರ್ಮಿನ್ಯಾ. ಪಕ್ಕದ ಮನೆಯವಳು; ಆ ದ್ವೀಪದಲ್ಲಿ ಯಾರು ಸತ್ತರೂ ಪ್ರಾರ್ಥನೆ ಹೇಳಿಕೊಡುವವಳು ಅವಳೇ, ಕೇಳದಿದ್ದರೂ ಬುದ್ಧಿ ಹೇಳುವವಳೂ ಅವಳೇ.

"ಕೆಳಗೆ ಇಳಿಯುವಾಗ ಯಾವತ್ತೂ ಎರಡು ಹಾಕ್ತಿದ್ರು."

"ಅದು ನೀರು ಕಣೇ."

"ಮಣ್ಣೇನು ಬೆಚ್ಚಗಿರುತ್ತಾ?"

"ನನ್ನ ಗಂಡನಿಗೆ ಒಂದೂ ಹಾಕ್ಲಿಲ್ಲ ನಾನು. ಇವತ್ತಿನವರೆಗೂ ಬಂದು ದೂರು ಹೇಳಿಲ್ಲ ಆ ಮನುಷ್ಯ."

ಸುನಿಲ್ಡಾಳಿಗೆ ನಗು ಬಂತು. ನಗುವಿನ ಬೆನ್ನಿಗೇ ಅಳು ಬಂತು. ಎರಡನ್ನೂ ನುಂಗಿಕೊಂಡು ಕಾಲುಚೀಲ ಏರಿಸಿ ಮುಗಿಸಿದಳು.

ಅಂಗಳದಲ್ಲಿ ಕುರಿಮಾಂಸ ಬೇಯುತ್ತಿತ್ತು. ಮಗಳು ನೆಲ್ದಾ ಅಡುಗೆಮನೆಯಲ್ಲಿ ಆಲೂಗಡ್ಡೆಯ ರೊಟ್ಟಿ ತಟ್ಟುತ್ತ, ಬಂದವರಿಗೆಲ್ಲ ಮಾತೆ ಎಲೆಯ ಕಷಾಯ ಬಗ್ಗಿಸಿ ಕೊಡುತ್ತಿದ್ದಳು. ಸ್ಮಶಾನವಿರುವುದು ಕಡಲ ಕಾಲುವೆಯಾಚೆಯ ದಡದಲ್ಲಿ. ಉಬ್ಬರ ತುಂಬಿದಾಗ ದೋಣಿ ಹೊರಡಬೇಕು, ತಪ್ಪಿದರೆ ಆಚೆ ದಡದ ಕೆಸರಲ್ಲಿ ಶವಪೆಟ್ಟಿಗೆ ಹೊತ್ತು ಒದ್ದಾಡಬೇಕು. ನೀರು ಆಗಲೇ ಬೇಲಿಯ ಗೂಟಗಳ ಬುಡ ಮುಟ್ಟಿತ್ತು. ಆದರೂ ಮುಚ್ಚಳಕ್ಕೆ ಮೊಳೆ ಹೊಡೆದಿರಲಿಲ್ಲ. ಮುಳುಗುಗಾರ ಸತ್ತರೆ, ಅವನು ಬದುಕಿಡೀ ಇಳಿದ ಕಡಲ ತಳದ ದಿಣ್ಣೆಯಿಂದ ಚೋರೊ ಎಂಬ ದೊಡ್ಡ ಕಪ್ಪೆಚಿಪ್ಪು ಒಂದನ್ನು ತಂದು ಅವನ ಕೈಯಲ್ಲಿಟ್ಟು ಕಳಿಸುವುದು ಅಲ್ಲಿನ ರೂಢಿ. ಅವಳ ಗಂಡ ರೊಸಾಮೆಲ್‌ನ ಅಪ್ಪನಿಗೆ ಇಟ್ಟಿದ್ದರು, ಅಜ್ಜನಿಗೂ ಇಟ್ಟಿದ್ದರು. ಅದನ್ನು ತರಲು ಗೆಳೆಯ ಬೌದಿಲಿಯೊ ಬೆಳಗ್ಗೆಯೇ ದೋಣಿ ತೆಗೆದುಕೊಂಡು ಹೋಗಿದ್ದ. ಬರಿಗೈಲಿ ಮಾತ್ರ ಗಂಡನನ್ನು ಕಳಿಸಲಾರೆ ಎಂದು ಸುನಿಲ್ಡಾ ಎಲ್ಲರೆದುರು ಹೇಳಿಯಾಗಿತ್ತು.

*

ಮದುವೆಯಾದ ಮೊದಲ ಚಳಿಗಾಲದಲ್ಲೇ ರೊಸಾಮೆಲ್ ಗಾಳಿಕೊಳವೆಯನ್ನು ಅವಳ ಕೈಗೆ ಕೊಟ್ಟಿದ್ದ. ದೋಣಿಯಲ್ಲಿ ಕಂಪ್ರೆಸರ್ ಗುಡುಗುಡು ಎನ್ನುವುದು, ಕೊಳವೆಯ ಆ ತುದಿಯಲ್ಲಿ ನೀರಿನಡಿ ಅವನು, ಈ ತುದಿಯಲ್ಲಿ ಅವಳು.

"ಒಂದು ಸಲ ಜಗ್ಗಿದ್ರೆ ತಳ ಮುಟ್ಟಿದೀನಿ, ಚೆನ್ನಾಗಿದೀನಿ ಅಂತ. ಎರಡು ಸಲ ಅಂದ್ರೆ ಇನ್ನೂ ಬಿಡು ಅಂತ. ಮೂರು ಸಲ ಜಗ್ಗಿದ್ರೆ ಮೇಲೆಳಿ. ನಾಲ್ಕು ಜಗ್ಗಿದ್ರೆ..."

"ನಾಲ್ಕು ಜಗ್ಗಿದ್ರೆ?"

"ಮುತ್ತು ಕೊಟ್ಟೆ ಅಂತ."

"ಕೆಲಸದ ಹೊತ್ತಲ್ಲಿ ಹಾಗೆಲ್ಲ ಜಗ್ಗಿದ್ರೆ ಕಂಪ್ರೆಸರ್ ಆರಿಸಿಬಿಡ್ತೀನಿ."

ಅವಳಿಗೆ ಈಜು ಬರುತ್ತಿರಲಿಲ್ಲ. ಕಡಲ ತಳವನ್ನು ಅವಳು ಕಂಡದ್ದೆಲ್ಲ ಗಂಡನ ಬಾಯಲ್ಲಿ. ಅವನು ಹಲ್ಲು ಕಟಕಟ ಎನ್ನುತ್ತ ಮೇಲೆ ಬಂದರೆ ಅವಳು ಕೆಟಲಿನ ಬಿಸಿನೀರನ್ನು ರಬ್ಬರ್ ಅಂಗಿಯ ಕುತ್ತಿಗೆಯೊಳಗೆ ಸುರಿಯುತ್ತಿದ್ದಳು. ಅವನು ಕಣ್ಣು ಮುಚ್ಚಿ "ಅಬ್ಬಾ" ಎನ್ನುತ್ತಿದ್ದ. ನಡುಕ ನಿಂತ ಮೇಲೆ ಮಾತು ಶುರುವಾಗುತ್ತಿತ್ತು. ದೊಡ್ಡ ಮರದೆತ್ತರದ ಕಡಲಪಾಚಿಯ ಕಾಡು. ಅದರ ಬುಡದಲ್ಲಿ ಅಂಗೈಗಿಂತ ಉದ್ದದ ಚೋರೊಗಳು, ಒಂದರ ಮೈಗೊಂದು ಒತ್ತಿಕೊಂಡು ನಿಂತವು. ಬಂಡೆಯ ಸಂದಿಯಲ್ಲಿ ಗುಲಾಬಿ ಹವಳ. ಯಾವಾಗಲೂ ಅದೇ ಕಲ್ಲಿನ ಮೇಲೆ ಕೂತಿರುವ ಕೆಂಪು ನಕ್ಷತ್ರಮೀನು. ಅದಕ್ಕೆ ಅವನು ಅತ್ತೆಯ ಹೆಸರಿಟ್ಟಿದ್ದ. ಕೊಳವೆ ಎಳೆದುಕೊಳ್ಳುವುದೆಂದರೆ ಅವಳಿಗೆ ರಟ್ಟೆ ಬೀಳುವ ಕೆಲಸ. ಪಾಚಿಯ ಪಟ್ಟಿಗಳು ಅದಕ್ಕೆ ಸುತ್ತಿಕೊಂಡು ಬರುತ್ತಿದ್ದವು, ಬಿಡಿಸಿ ಬಿಡಿಸಿ ಬೆರಳೆಲ್ಲ ಲೋಳೆಯಾಗುತ್ತಿತ್ತು. ಅವಳು ಬೈದುಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ತಾನು ಎಷ್ಟು ಸುಖವಾಗಿದ್ದೆ ಎಂಬುದು ಅವಳಿಗೆ ಆಗ ತಿಳಿದಿರಲಿಲ್ಲ.

*

ಬೌದಿಲಿಯೊ ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ರೊಸಾಮೆಲ್‌ನ ಜೊತೆಗಾರ ಮುಳುಗುಗಾರ. ನೆಲ್ದಾಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು. ಅಂದಿನಿಂದ ಅವನಿಗೆ ಸುನಿಲ್ಡಾ ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ. ಅವನ ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ತಗೊಳ್ಳಿ ಕೊಮಾದ್ರೆ," ಎಂದು ಕರವಸ್ತ್ರ ಬಿಚ್ಚಿ ಒಂದು ಚಿಪ್ಪು ಕೊಟ್ಟ. ಮುಖ ನೋಡಲಿಲ್ಲ.

ಅವಳು ಚಿಪ್ಪಿನ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದಳು. ನುಣ್ಣಗಿತ್ತು, ತೊಳೆದಿಟ್ಟ ತಟ್ಟೆಯ ಹಾಗೆ. ಬಂಡೆಗೆ ಅಂಟಿ ಬೆಳೆದ ಚಿಪ್ಪಿನ ಬೆನ್ನು ಸವೆದಿರುತ್ತದೆ, ಅದರ ಮೇಲೆ ಇನ್ನೊಂದಿಷ್ಟು ಜೀವಗಳು ಮನೆ ಕಟ್ಟಿರುತ್ತವೆ.

"ಇದು ಹಗ್ಗಕ್ಕೆ ಕಟ್ಟಿ ಬೆಳೆಸಿದ್ದು. ಸಂತೆಯಲ್ಲಿ ಕೊಂಡ್ರಾ?"

ಬೌದಿಲಿಯೊ ಬೆಂಚಿನ ಮೇಲೆ ಕುಸಿದು ಕೂತ. "ಎರಡು ಸಲ ಇಳಿದೆ ಕೊಮಾದ್ರೆ. ದಿಣ್ಣೆ ಪೂರ್ತಿ ಹುಡುಕಿದೆ."

"ಇಲ್ವಾ?"

"ಇಲ್ಲ. ಇವತ್ತಲ್ಲ, ಎಷ್ಟೋ ವರ್ಷದಿಂದ ಇಲ್ಲ. ಆ ಎರಡು ಬೇಸಿಗೆ ನೀರು ಕಾಯ್ತಲ್ಲ, ಆಗ ಚೋರೊಗಳೆಲ್ಲ ಬಾಯಿ ತೆರೆದುಕೊಂಡು ಸತ್ವು. ಪಾಚಿ ಕೊಳೀತು. ಉಳಿದಿದ್ದನ್ನ ಕಡಲ ಮುಳ್ಳುಚೆಂಡುಗಳು ಮೇದು ಬೋಳಿಸಿ ಹಾಕಿದ್ವು. ಬರೀ ಬಂಡೆ, ಅದರ ಮೇಲೆ ಮುಳ್ಳು." ಅವನು ಒದ್ದೆ ಕರವಸ್ತ್ರವನ್ನು ಮಡಿಸಿದ. "ನಿಮಗೆ ಹೇಳಬಾರದು ಅಂತ ನಮ್ಮೆಲ್ಲರ ಹತ್ರ ಆಣೆ ಹಾಕಿಸಿಕೊಂಡಿದ್ದ. ಕ್ಷಮಿಸಿ."

ನೆಲ್ದಾ ಹಿಟ್ಟಿನ ಕೈಯಲ್ಲೇ ತಿರುಗಿ ನಿಂತಳು. "ಆದ್ರೆ ಅಪ್ಪ ಹೋದ ವಾರ ಕೂಡ ಆಸ್ಪತ್ರೆಯಲ್ಲಿ ಅದನ್ನೇ ಹೇಳ್ತಿದ್ರಲ್ಲಮ್ಮ? ಚೋರೊ ಬೆಳೀತಿದೆ, ಯಾರೂ ಮುಟ್ಟಬಾರದು ಅಂತ?"

"ಹೂಂ, ಹೇಳ್ತಿದ್ರು," ಎಂದಳು ಸುನಿಲ್ಡಾ. "ನನಗೆ ಗೊತ್ತಿತ್ತು."

*

ಆ ಬೇಸಿಗೆ ಒಂದು ದಿನ ಅವಳು ಎಂದಿನಂತೆ ಕೆಟಲ್ ಎತ್ತಿದಾಗ ರೊಸಾಮೆಲ್, "ಬೇಡ ಬಿಡು, ಅಷ್ಟೇನೂ ಚಳಿ ಇಲ್ಲ" ಎಂದಿದ್ದ. ಅವನ ಹಲ್ಲು ಕಟಕಟ ಎನ್ನುತ್ತಿರಲಿಲ್ಲ. ಅವಳು ಆ ನೀರಿನಲ್ಲಿ ಇಬ್ಬರಿಗೂ ಮಾತೆ ಕಷಾಯ ಮಾಡಿದಳು.

ಆಮೇಲೆ ಕೊಳವೆ ಹಗುರವಾಗುತ್ತ ಬಂತು. ಸುತ್ತಿಕೊಳ್ಳಲು ಪಾಚಿಯಿಲ್ಲ, ಸಿಕ್ಕಿಕೊಳ್ಳಲು ಕಾಡಿಲ್ಲ. ಬಾವಿಹಗ್ಗದಷ್ಟು ಸಲೀಸಾಗಿ ಮೇಲೆ ಬರುತ್ತಿತ್ತು, ಬೆರಳಿಗೆ ಒಂದು ಹನಿ ಲೋಳೆಯಿಲ್ಲ. ಬುಟ್ಟಿಯಲ್ಲಿ ಚೋರೊಗಳ ಬದಲು ಮುಳ್ಳುಚೆಂಡುಗಳು ತುಂಬಿದವು. "ಚೋರೊ ಬೆಳೀಲಿ ಅಂತ ಬಿಟ್ಟಿದೀವಿ" ಎಂದ ರೊಸಾಮೆಲ್, ಮತ್ತು ಒಲೆಯ ಮುಂದೆ ಕೂತು ಎಂದಿನಂತೆ ಪಾಚಿಯ ಕಾಡಿನ ಕತೆ ಹೇಳಿದ. ಅತ್ತೆಯ ಹೆಸರಿನ ನಕ್ಷತ್ರಮೀನಿಗೆ ಮರಿಗಳಾಗಿವೆ ಎಂದ. ಅವನು ಹೇಳುತ್ತ ಹೇಳುತ್ತ ಎಳೆಯನಾಗುತ್ತಿದ್ದ. ಅವಳು ಕಾಲುಚೀಲ ಹೆಣೆಯುತ್ತ ಕೇಳಿದಳು. "ಎಷ್ಟು ಮರಿ?" ಎಂದೂ ಕೇಳಿದಳು.

*

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂದ ಬೌದಿಲಿಯೊ.

"ಅವರಿಗೆ ಹೇಳೋದು ಇಷ್ಟ ಇತ್ತು ಕೊಂಪಾದ್ರೆ. ನನಗೆ ಕೇಳೋದು ಇಷ್ಟ ಇತ್ತು. ಆ ಮಾತಲ್ಲಿ ಬಿಟ್ರೆ ಇನ್ನೆಲ್ಲಿ ಉಳಿದಿತ್ತು ಆ ಕಾಡು?"

ಎರ್ಮಿನ್ಯಾ ಬಾಗಿಲಲ್ಲಿ ಇಣುಕಿದಳು. "ನೀರು ಮೂರನೇ ಗೂಟಕ್ಕೆ ಬಂತು. ಸತ್ತವನು ಕಾಯ್ತಾನೆ, ಕಡಲು ಕಾಯಲ್ಲ."

ಸುನಿಲ್ಡಾ ಒಲೆಯ ಪಕ್ಕದ ಉಪ್ಪಿನ ಡಬ್ಬಿಗೆ ಕೈ ಹಾಕಿದಳು. ಉಪ್ಪು ಮೊಗೆಯಲು ಇಟ್ಟಿದ್ದ ಚಿಪ್ಪು, ಮದುವೆಯ ವರ್ಷ ದಿಣ್ಣೆಯಿಂದ ಬಂದದ್ದು. ಅಂಚು ಸವೆದಿತ್ತು, ಬೆನ್ನು ಒರಟಾಗಿತ್ತು. ಉಪ್ಪನ್ನು ಒರೆಸದೆ ಹಾಗೆಯೇ ಒಯ್ದು ಗಂಡನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಆಮೇಲೆ ಮೊಳೆ ಹೊಡೆದರು.

ದೋಣಿಗಳು ಸಾಲಾಗಿ ಕಾಲುವೆ ದಾಟಿದವು. ದಿಣ್ಣೆಯ ಮೇಲೆ ಬಂದಾಗ ಬೌದಿಲಿಯೊ ಎಂಜಿನ್ ಆರಿಸಿದ. ಉಳಿದವರೂ ಆರಿಸಿದರು. ಸುನಿಲ್ಡಾ ಬಗ್ಗಿ ನೀರಿಗೆ ಕೈ ಅದ್ದಿದಳು.

ಸ್ಮಶಾನದಲ್ಲಿ ನಾಲ್ವರು ಗಂಡಸರು ಪೆಟ್ಟಿಗೆಯ ಕೆಳಗೆ ಹಗ್ಗ ಹಾಯಿಸಿ ನಿಂತರು. ಅವಳು ಬೌದಿಲಿಯೊನ ಪಕ್ಕಕ್ಕೆ ಬಂದಳು.

"ಕೊಡಿ ಕೊಂಪಾದ್ರೆ. ಇದು ನನ್ನ ಕೆಲಸ."

"ಭಾರ ಇದೆ ಕೊಮಾದ್ರೆ."

"ಅವರ ಭಾರ ನನಗೆ ಗೊತ್ತಿಲ್ವಾ?"

ಅವನು ತನ್ನ ತುದಿಯನ್ನು ಕೊಟ್ಟು ಹಿಂದೆ ಸರಿದ. ಅವಳು ಮೊಳ ಮೊಳವಾಗಿ, ಅವಸರವಿಲ್ಲದೆ ಬಿಟ್ಟಳು. ಅವಳ ಕೈ ನೋಡಿಕೊಂಡು ಉಳಿದ ಮೂವರೂ ಬಿಟ್ಟರು. ಪೆಟ್ಟಿಗೆ ತಳ ಮುಟ್ಟಿತು. ಗಂಡಸರು ಹಗ್ಗ ಕೈಬಿಟ್ಟು ಸಲಿಕೆಗಳತ್ತ ತಿರುಗಿದರು. ಪ್ರಾರ್ಥನೆಗೆ ಬಾಯಿ ತೆರೆದ ಎರ್ಮಿನ್ಯಾಳ ತೋಳನ್ನು ಬೌದಿಲಿಯೊ ಮೆಲ್ಲಗೆ ಹಿಡಿದು ತಡೆದ.

ಸುನಿಲ್ಡಾ ಹಗ್ಗವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು, ಬಿಗಿಸದೆ, ಸಡಿಲಿಸದೆ, ಕೆಳಗಿನಿಂದ ಬರಬೇಕಾದ ಆ ಒಂದು ಜಗ್ಗಿಗಾಗಿ ಕಾಯುತ್ತ ನಿಂತಿದ್ದಳು.