ಮೂರನೆಯದು ಉಸಿರಾಡುತ್ತಿಲ್ಲ

ದಾದಿಯ ಕಾರಿಗೆ ಮೂವತ್ತೊಂದು ವರ್ಷ. ಅವಳಿಗಿಂತ ನಾಲ್ಕೇ ವರ್ಷ ಚಿಕ್ಕದು. ಮಾವ ಬದುಕಿದ್ದಾಗ ಆಸೆಪಟ್ಟು ಕೊಂಡದ್ದು. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಹಾಸಿಗೆ ಹಿಡಿದವರನ್ನೂ ನೋಡಿಬರುವ ಕೆಲಸ ಅವಳದು. ಕಾರಿಲ್ಲದಿದ್ದರೆ ಕೈಕಾಲೇ ಆಡುವುದಿಲ್ಲ. ಅಂಥ ಕಾರು ಶನಿವಾರ ಸಂಜೆ ಏರಿನಲ್ಲಿ ಮುಗ್ಗರಿಸತೊಡಗಿತು. ಗಡಗಡ ನಡುಗಿ, ಸ್ವಲ್ಪ ದೂರ ಓಡಿ, ಮತ್ತೆ ಬಿಕ್ಕಳಿಸಿ, ಅಂತೂ ಇಂತೂ ಮನೆ ಸೇರಿತು.

ಭಾನುವಾರ ಬೆಳಗ್ಗೆ ಪಕ್ಕದ ಬೀದಿಯಿಂದ ಗಂಡನ ಅಣ್ಣ ಬಂದರು. ಮರಗೆಲಸದಲ್ಲಿ ಎತ್ತಿದ ಕೈ, ಆದರೆ ಬೇರೆ ಯಾವ ವಿಷಯಕ್ಕೂ ಮೊದಲು ‘ಆಗಲ್ಲ’ ಎನ್ನುವ ಆಸಾಮಿ. ಶೆಡ್ಡಿನ ಬಾಗಿಲಲ್ಲಿ ನಿಂತು ಎಂಜಿನ್ನಿನ ಸದ್ದು ಕೇಳಿದರು.

“ಇದರ ಕಥೆ ಮುಗೀತಮ್ಮ. ಎಂಜಿನ್ನೇ ಹೋಗಿದೆ. ಗುಜರಿಯವನಿಗೆ ಹೇಳಿಬಿಡ್ತೀನಿ.”

“ರೋಗ ಏನೂಂತ ನೋಡೋಕೆ ಮುಂಚೆ ಹೆಣ ಎತ್ತೋಕೆ ಹೊರಟ್ರಲ್ಲ ಭಾವ!” ಎಂದಳು ದಾದಿ. ಒಳಗಿನಿಂದ ಅತ್ತೆ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ದಾದಿ ಬಾನೆಟ್ ಎತ್ತಿದಳು. ಒಳಗೆ ಕೈಹಾಕಿದಾಗ ಆಕ್ಸಿಲರೇಟರ್ ತುಳಿಯುವುದಕ್ಕೆ ಯಾರಾದರೂ ಬೇಕು. ಭಾವ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು.

“ನಾನು ತುಳೀತೀನಿ ಬಿಡು,” ಎಂದು ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದರು. ಎಪ್ಪತ್ತೆರಡರ ಅತ್ತೆ ಇಷ್ಟು ವರ್ಷವೂ ಪಕ್ಕದ ಸೀಟಿನಲ್ಲೇ ಕೂತವರು. ಸ್ಟಿಯರಿಂಗ್ ಮೊದಲು ಮಾವನದಾಗಿತ್ತು, ಆಮೇಲೆ ಸೊಸೆಯದಾಯಿತು. ಈಗ ಅದರ ಮುಂದೆ ಕೂತು, ಬೆನ್ನು ನೆಟ್ಟಗೆ ಮಾಡಿ, ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡರು.

“ಯಾವುದು ತುಳೀಬೇಕು?”

“ಬಲಗಡೇದು. ಮೆತ್ತಗೆ...”

‘ಮೆತ್ತಗೆ’ ಎಂಬ ಮಾತು ಒಳಗೆ ತಲುಪುವಷ್ಟರಲ್ಲಿ ಎಂಜಿನ್ ಗುಡುಗಿತು. ಭಾವ ಒಂದು ಮಾರು ಹಿಂದಕ್ಕೆ ಹಾರಿದರು. ಅತ್ತೆಯ ಮುಖ ಊರಗಲವಾಯಿತು.

ನಾಲ್ಕು ಸಿಲಿಂಡರಿಗೆ ನಾಲ್ಕು ದಪ್ಪ ವೈರು. ಪ್ರತಿಯೊಂದರ ತುದಿಯಲ್ಲೂ ಕಿಡಿ ಹಾರಿಸುವ ಒಂದು ಪ್ಲಗ್ಗು. ದಾದಿ ದಪ್ಪ ರಬ್ಬರ್ ಗ್ಲೌಸು ತೊಟ್ಟು, ಹಿಡಿಗೆ ರಬ್ಬರ್ ಇದ್ದ ಇಕ್ಕಳದಿಂದ ಮೊದಲನೆಯ ವೈರು ಕಿತ್ತಳು. ಎಂಜಿನ್ ಇನ್ನಷ್ಟು ಸೊರಗಿತು. ಎಂದರೆ ಅಲ್ಲಿಯವರೆಗೆ ಆ ಸಿಲಿಂಡರ್ ದುಡಿಯುತ್ತಿತ್ತು. ವೈರನ್ನು ಮತ್ತೆ ಸಿಕ್ಕಿಸಿ ಎರಡನೆಯದನ್ನು ಕಿತ್ತಳು. ಅದೂ ಹಾಗೆಯೇ. ಮೂರನೆಯದನ್ನು ಕಿತ್ತಾಗ ಮಾತ್ರ ಸದ್ದಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ.

“ಸಿಕ್ತು! ಮೂರನೇದು ಉಸಿರಾಡ್ತಿಲ್ಲ.”

ಎಂಜಿನ್ ನಿಲ್ಲಿಸಿ, ಆರುವತನಕ ಕಾದು, ಎರಡನೆಯ ಮತ್ತು ಮೂರನೆಯ ಪ್ಲಗ್ಗುಗಳನ್ನು ಅದಲುಬದಲು ಮಾಡಿ ನೋಡಿದಳು. ಆಗಲೂ ಸತ್ತಂತಿದ್ದದ್ದು ಮೂರನೆಯದೇ. ಎಂದರೆ ಪ್ಲಗ್ಗು ಗಟ್ಟಿಮುಟ್ಟಾಗಿದೆ.

“ಹಾಗಾದ್ರೆ ಆ ವೈರೇ ಕಳ್ಳ!” ಎಂದರು ಭಾವ. ಅವರು ಯಾವಾಗ ಬಂದು ಬಾನೆಟ್ಟಿನೊಳಗೆ ತಲೆ ತೂರಿಸಿದ್ದರೋ ಯಾರಿಗೂ ಗೊತ್ತಾಗಿರಲಿಲ್ಲ.

“ಕಳ್ಳನ್ನ ಕಣ್ಣಾರೆ ನೋಡ್ಬೇಕಾದ್ರೆ ಕತ್ತಲೆ ಬೇಕು ಭಾವ. ಶೆಡ್ಡಿನ ಬಾಗಿಲು ಮುಚ್ಚೋ ಹಾಗಿಲ್ಲ, ಹೊಗೆ ಕುಡಿದು ನಾವೇ ಮಲಗಿಬಿಡ್ತೀವಿ. ಆ ಕಪ್ಪು ಕಂಬಳಿ ತನ್ನಿ.”

ಭಾವ ಓಡಿಹೋಗಿ ಕಂಬಳಿ ತಂದರು. ಎಂಜಿನ್ನಿನ ಫ್ಯಾನಿಗೆ ತಾಗದ ಹಾಗೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ತಮ್ಮನ ಹೆಂಡತಿಯೊಂದಿಗೆ ತಾವೂ ಅದರಡಿ ಬಗ್ಗಿದರು. ಇಸ್ತ್ರಿಗೆ ಬಳಸುವ ಬಾಟಲಿಯಿಂದ ದಾದಿ ಮೂರನೆಯ ವೈರಿನ ಮೇಲೆ ನೀರು ಚಿಮುಕಿಸಿದಳು. ತಟ್ ತಟ್ ಎಂದು ವೈರಿನ ಮಗ್ಗುಲಿಂದ ನೀಲಿ ಕಿಡಿಯೊಂದು ಪಕ್ಕದ ಕಬ್ಬಿಣಕ್ಕೆ ನೆಗೆಯಿತು. ರಬ್ಬರು ಕೂದಲೆಳೆಯಷ್ಟು ಸೀಳಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ಸೋರಿಹೋಗುತ್ತಿತ್ತು.

“ಅಬ್ಬಬ್ಬಾ! ಅಮ್ಮಾ, ಬಾ ಇಲ್ಲಿ, ಮಿಂಚು ನೋಡು!” ಎಂದು ಭಾವ ಕೂಗಿದರು. ಅತ್ತೆಯೂ ಬಂದು ಕಂಬಳಿಯೊಳಗೆ ನುಸುಳಿದರು. ಮೂರು ತಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಒಳಗೆಲ್ಲ ನಗುವೋ ನಗು. ಆಚೆಮನೆಯಾಕೆ ಬೇಲಿಯ ಮೇಲಿಂದ ಇಣುಕಿ, ಕಂಬಳಿ ನಗುವುದನ್ನು ಕಂಡು ಬಾಯಿ ತೆರೆದು ನಿಂತಳು.

ಮುಂದಿನದಕ್ಕೆ ಭಾವನಿಗೆ ಯಾರೂ ಹೇಳಬೇಕಾಗಲಿಲ್ಲ. ಸ್ಕೂಟರ್ ಹತ್ತಿ ಹೋದವರು ಅರ್ಧ ಗಂಟೆಯಲ್ಲಿ ನಾಲ್ಕು ಹೊಸ ವೈರು ಹಿಡಿದು ಬಂದರು. “ಒಂದು ಸೀಳಿದ ಮೇಲೆ ಉಳಿದವನ್ನ ನಂಬೋದು ಹೇಗೆ?” ಎಂದು, ಈ ಕಸುಬಿನಲ್ಲೇ ತಲೆ ಹಣ್ಣಾದವರಂತೆ ಗಂಭೀರವಾಗಿ ನುಡಿದರು.

ದಾದಿ ವೈರು ಹಾಕಿ, ಅತ್ತೆ ಮತ್ತೆ ಸ್ಟಿಯರಿಂಗ್ ಮುಂದೆ ಕೂತು ಕೀಲಿ ತಿರುಗಿಸಿದಾಗ ನಾಲ್ಕೂ ಸಿಲಿಂಡರು ಒಂದೇ ಉಸಿರಿನಲ್ಲಿ ಗುನುಗತೊಡಗಿದವು. ದಾದಿ ಬಾನೆಟ್ ಮುಚ್ಚಿ ಅದರ ಮೇಲೆ ಅಂಗೈ ಊರಿದಳು. ಎಷ್ಟೋ ಮನೆಗಳಲ್ಲಿ ಮಗುವಿನ ಮೊದಲ ಅಳು ಕೇಳಿದಾಗ ಆಗುವಂಥದೇ ಒಂದು ಹಿಗ್ಗು ಅವಳೊಳಗೆ ಉಕ್ಕಿತು.

“ಇಳೀರಿ ಅತ್ತೆ, ಒಂದು ಸುತ್ತು ಹೋಗಿಬರೋಣ.”

ಅತ್ತೆ ಸ್ಟಿಯರಿಂಗನ್ನು ಇನ್ನೂ ಗಟ್ಟಿಯಾಗಿ ಹಿಡಿದರು. “ನಾನಿಳಿಯಲ್ಲ. ನೀನೇ ಆ ಕಡೆ ಕೂತ್ಕೋ.”

ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದಾದಿ ಪಕ್ಕದಲ್ಲಿ ಕೂತು, ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು, ಕ್ಲಚ್ಚು, ಗೇರು ಎಲ್ಲ ಹೇಳಿಕೊಟ್ಟಳು. ಎರಡು ಸಲ ಕುಪ್ಪಳಿಸಿ ನಿಂತ ಕಾರು ಮೂರನೆಯ ಸಲ ಮೆಲ್ಲಗೆ ಗೇಟು ದಾಟಿತು. ಭಾವ ಕಂಬಳಿಯನ್ನು ಹೆಗಲಿಗೇರಿಸಿಕೊಂಡು, “ಜಾಗ ಬಿಡಿ, ಅಮ್ಮ ಬರ್ತಿದಾರೆ!” ಎಂದು ಖಾಲಿ ಬೀದಿಗೆ ಕೂಗುತ್ತ ಮುಂದೆ ಮುಂದೆ ಓಡಿದರು.

“ಬ್ರೇಕ್ ಯಾವುದು?” ಅತ್ತೆ ಕೇಳಿದರು.

“ಮಧ್ಯದ್ದು ಅತ್ತೆ, ಮಧ್ಯದ್ದು!”

“ಸರಿ, ಇರಲಿ. ಈಗ್ಲೇ ಬೇಡ.”